ಪಾರಣೆಯ ದಿನ ಅತ್ತ ಗೊಂಬೆ

ನಾನು ಮಾಡಿದ ಮೊದಲ ಯಂತ್ರಕ್ಕೆ ಕಿವಿ ಇತ್ತು, ಬುದ್ಧಿ ಇರಲಿಲ್ಲ. ಮಾಡಿದವನ ಸ್ಥಿತಿಯೂ ಹೆಚ್ಚುಕಡಿಮೆ ಹಾಗೇ ಇತ್ತು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಚಿಕ್ಕೋಡಿಯಲ್ಲಿ ಎರಡು ವರ್ಷ ರೇಡಿಯೋ ರಿಪೇರಿ ಕಲಿತು, ಸರ್ಟಿಫಿಕೇಟು ಹಿಡಿದುಕೊಂಡು, ಉಗಾರ ಬುದ್ರುಕದ ಹತ್ತಿರದ ನಮ್ಮ ಊರಿಗೆ ಬಂದು ಕೂತಿದ್ದೆ. ಇಪ್ಪತ್ತೊಂದು ವರ್ಷ. ಮನೆಯವರ ಕಣ್ಣಿಗೆ ಕಬ್ಬಿನ ಹೊಲಕ್ಕೂ ಆಗದವನು, ನೌಕರಿಗೂ ಆಗದವನು. ನನ್ನ ಕಣ್ಣಿಗೆ ಮಾತ್ರ ದೊಡ್ಡ ವಿಜ್ಞಾನಿ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ನನ್ನ ಕೊಡದ ತಳದಲ್ಲಿ ಒಂದಿಷ್ಟು ನೀರಿತ್ತು, ಸದ್ದು ಮಾತ್ರ ಓಣಿಗೆಲ್ಲ ಕೇಳುತ್ತಿತ್ತು.

ನನಗೆ ಹತ್ತಿದ ಹುಚ್ಚು ಸೆನ್ಸರ್‌ಗಳದು. ಬೆಳಕು ಬಿದ್ದರೆ, ಸದ್ದಾದರೆ ತಾನಾಗಿ ಎಚ್ಚರಾಗುವ ಯಂತ್ರಗಳು. ಅಪ್ಪನಿಗೆ ಗೊತ್ತಿದ್ದ ಸೆನ್ಸಾರು ಒಂದೇ, ಸಿನಿಮಾ ಕತ್ತರಿಸುವುದು. ಇವನಿಗೆ ಆ ಆಫೀಸಿನಲ್ಲಿ ಕೆಲಸ ಸಿಗಬಹುದೇನೋ ಎಂದು ಬಂದವರ ಮುಂದೆಲ್ಲ ಹೇಳಿಕೊಂಡು ತಿರುಗಿದ. ನಾನು ತಿದ್ದಲೂ ಇಲ್ಲ. ಹಾಳಾದ ಟೇಪ್ ರೆಕಾರ್ಡರಿನಿಂದ ಶೇಂಗಾ ಬೀಜದಷ್ಟು ಚಿಕ್ಕ ಮೈಕು ಕಿತ್ತುಕೊಂಡಿದ್ದೆ. ಟ್ರಾನ್ಸಿಸ್ಟರು, ರಿಲೇ ಎಲ್ಲ ನಿಪ್ಪಾಣಿಯಿಂದ ತಂದಿದ್ದೆ. ಮೈಕಿಗೆ ಸದ್ದು ಬಿದ್ದ ಕೂಡಲೆ ರಿಲೇ ಟಕ್ ಎಂದು ಎಳೆದುಕೊಂಡು ದೀಪ ಹೊತ್ತಿಸಬೇಕು. ಪುಸ್ತಕದಲ್ಲಿ ಹಾಗೇ ಬರೆದಿತ್ತು. ಒಂದು ತಿಂಗಳು ಅದರ ಮುಂದೆ ಕೂತು ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದೆ. ಹಿತ್ತಲಾಚೆಯವರು ಮನೆಯಲ್ಲಿ ದಿನಾ ಭಜನೆಯೇನು ಎಂದು ಅವ್ವನನ್ನು ಕೇಳಿದರು. ದೀಪ ಮಾತ್ರ ಹೊತ್ತಲಿಲ್ಲ.

ಕೊನೆಗೆ ಅದು ಹೊತ್ತಿದ್ದು ಅತ್ತೆಯ ರೊಟ್ಟಿಗೆ. ಅತ್ತೆ ಅಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲಿ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ನನ್ನನ್ನು ಎತ್ತಿ ಆಡಿಸಿದವಳು, ನಮ್ಮ ಮನೆಯ ಒಲೆಯ ಒಡತಿ. ಅವಳು ಪರಾತ ಅನ್ನುವ ಅಗಲ ತಟ್ಟೆಯಲ್ಲಿ ಜೋಳದ ರೊಟ್ಟಿ ಬಡಿಯಲು ಕೂತಳೆಂದರೆ ಓಣಿಯಲ್ಲಿ ಹೋಗುವವರು ಸದ್ದಿನ ಮೇಲೇ ಗುರುತು ಹಿಡಿಯುತ್ತಿದ್ದರು. ಅಂಥ ಒಂದೇ ಸಮನಾದ ಬಡಿತ. ಆ ದಿನ ನಾನು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಪ್ರಿಸೆಟ್ ಅನ್ನುವ ಸಣ್ಣ ತಿರುಪನ್ನು ಇಷ್ಟಿಷ್ಟೇ ತಿರುಗಿಸುತ್ತ ಕೂತಿದ್ದೆ. ಯಂತ್ರದ ಕಿವಿ ಎಷ್ಟು ಚುರುಕಾಗಬೇಕು ಅನ್ನುವುದನ್ನು ಆ ತಿರುಪು ಹೇಳುತ್ತದೆ. ಒಂದು ಕಡೆ ಬಂದು ನಿಂತಿತು ನೋಡಿ, ಗೋಡೆಯಾಚೆಯ ಒಂದೊಂದು ಬಡಿತಕ್ಕೂ ಕೆಂಪು ದೀಪ ಹೊತ್ತಿ ಆರಲು ಶುರುವಾಯಿತು. ಮಾತಿಗೆ ಏಳುತ್ತಿರಲಿಲ್ಲ, ಕೆಮ್ಮಿಗೆ ಏಳುತ್ತಿರಲಿಲ್ಲ. ರೊಟ್ಟಿಗೆ ಏಳುತ್ತಿತ್ತು. ಆ ತಿರುಪು ನಿಂತ ಜಾಗಕ್ಕೆ ಒಂದು ಬೊಟ್ಟು ಸುಣ್ಣ ಹಚ್ಚಿ ಗುರುತು ಮಾಡಿಟ್ಟೆ.

ಹಲಗೆಯನ್ನು ಹಾಗೇ ಎತ್ತಿಕೊಂಡು ಹೋಗಿ ಅವಳ ಮುಂದೆ ಇಟ್ಟೆ. ಹಿಟ್ಟಿನ ಕೈ ಮೇಲೆತ್ತಿಕೊಂಡು ನೋಡಿದಳು. ಮತ್ತೆ ಬಡಿದಳು, ಮತ್ತೆ ನೋಡಿದಳು.

"ನಾ ರೊಟ್ಟಿ ಬಡದ್ರ ಅದ್ಯಾಕ ಕಣ್ಣ ಪಿಳಕಸ್ತೈತೋ?"

ಅದಕ್ಕೆ ಕಿವಿ ಇದೆ ಅತ್ತೆ, ನಿನ್ನ ಸದ್ದು ಕೇಳಿಸುತ್ತದೆ ಎಂದು ವಿವರಿಸಿದೆ.

"ಹಂಗಾರ ನಿನಕಿಂತಾ ಶಾಣ್ಯಾ ಐತಿ ಬಿಡು. ಹತ್ತ ಸರ್ತಿ ಒದರಿದ್ರೂ ನಿನಗ ಕೇಳಂಗಿಲ್ಲ."

ಆಮೇಲೆ ಅವಳಿಗೂ ಅದೊಂದು ಆಟವಾಯಿತು. ತಿರುಪು ತಿರುಗಿಸುವುದಕ್ಕೆ ಅವಳು ಇಟ್ಟ ಹೆಸರು ಕಿವಿ ಹಿಂಡುವುದು. ಇವತ್ತು ಅದರ ಕಿವಿ ಹಿಂಡಿದೆಯೇನು ಎಂದು ಕೇಳಿಯೇ ರೊಟ್ಟಿಗೆ ಕೂರುತ್ತಿದ್ದಳು. ಮನೆಯಲ್ಲಿ ನನ್ನ ವಿದ್ಯೆಯನ್ನು ನಂಬಿದವಳು ಅವಳೊಬ್ಬಳೇ. ಈಗ ಇದನ್ನು ಬರೆಯುವಾಗ ನೋಯುವುದು ಅದೇ.

ಅತ್ತೆಯ ಇನ್ನೊಂದು ಮುಖವನ್ನೂ ಹೇಳಬೇಕು. ನಾವು ಜೈನರು. ನಮ್ಮೂರ ಬಸದಿಗೆ ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳಿಂದ ಅವಳು ವ್ರತ ತೆಗೆದುಕೊಂಡಿದ್ದಳು. ದಿನಕ್ಕೆ ಒಂದೇ ಊಟ, ಅದೂ ಹೊತ್ತು ಇರುವಾಗ, ಮಾತಿಲ್ಲದೆ. ಉಣ್ಣುವಾಗ ಅನ್ನದಲ್ಲಿ ಕೂದಲು ಕಂಡರೆ, ಹುಳ ಬಿದ್ದರೆ, ಯಾರದಾದರೂ ಸಂಕಟದ ಅಳು ಕಿವಿಗೆ ಬಿದ್ದರೆ ಅದು ಅಂತರಾಯ. ಅಂತರಾಯವಾದರೆ ಕೈಯಲ್ಲಿದ್ದ ತುತ್ತನ್ನೂ ಬಿಟ್ಟು ಏಳಬೇಕು. ಮರುದಿನದವರೆಗೆ ಅನ್ನವಿಲ್ಲ, ನೀರೂ ಇಲ್ಲ. ಹೀಗಾಗಿ ಅತ್ತೆ ಮಣೆಯ ಮೇಲೆ ಕೂತಳೆಂದರೆ ಅವ್ವ ಮಕ್ಕಳನ್ನೆಲ್ಲ ಹೊರಗೆ ಅಟ್ಟುತ್ತಿದ್ದಳು. ನಾನೂ ಚಿಕ್ಕವನಿದ್ದಾಗ ಹಾಗೆ ಅಟ್ಟಿಸಿಕೊಂಡವನೇ. ಗೊತ್ತಿರಲಿಲ್ಲ ಎಂದು ಹೇಳಲು ಬಾಯಿಲ್ಲ.

ಭಾದ್ರಪದ ಬಂತು. ನಮ್ಮ ದಶಲಕ್ಷಣ ಪರ್ವ ಮತ್ತು ಊರಿನ ಗಣಪತಿ ಎರಡೂ ಒಂದೇ ಸಮಯಕ್ಕೆ ಬರುತ್ತವೆ. ಅತ್ತೆ ಆ ವರ್ಷ ಹತ್ತೂ ದಿನ ಉಪವಾಸ ಹಿಡಿದಳು, ದಿನಕ್ಕೊಮ್ಮೆ ಕಾಸಿದ ನೀರು ಬಿಟ್ಟರೆ ಏನೂ ಇಲ್ಲ. ನಾನು ಆ ಹತ್ತೂ ದಿನ ಗಣಪತಿ ಮಂಡಳದ ಪೆಂಡಾಲಿನಲ್ಲಿ. ನಮ್ಮ ಕಡೆ ಗಣಪತಿಯ ಮುಂದೆ ಗೊಂಬೆಗಳನ್ನಿಟ್ಟು ಆಡಿಸಿ ತೋರಿಸುವ ದೇಖಾವೆ ಇರಬೇಕು, ಇಲ್ಲದಿದ್ದರೆ ಪಕ್ಕದೂರಿನವರ ಮುಂದೆ ಮಾನ ಹೋದಂತೆ. ಈ ಸಲದ ದೇಖಾವೆ ನನ್ನದು. ನಿಪ್ಪಾಣಿ ಸಂತೆಯಲ್ಲಿ ಸೆಲ್ ಹಾಕಿದರೆ ಅಳುವ ಗೊಂಬೆ ಸಿಕ್ಕಿತ್ತು. ಅದರ ತಂತಿಯನ್ನು ನನ್ನ ರಿಲೇಗೆ ಕೂಡಿಸಿ ತೊಟ್ಟಿಲಲ್ಲಿ ಮಲಗಿಸಿದೆ. ಜನ ಚಪ್ಪಾಳೆ ತಟ್ಟಿದರೆ ಕೂಸು ಅಳುತ್ತದೆ, ಹತ್ತು ಎಣಿಸುವಷ್ಟರಲ್ಲಿ ಸುಮ್ಮನಾಗುತ್ತದೆ. ರಾಯಬಾಗದಿಂದ, ಹಾರೂಗೇರಿಯಿಂದ ಜನ ಬಂದರು. ಮುದುಕಿಯರು ತೊಟ್ಟಿಲಿಗೆ ಇಣುಕಿ ಸುಮ್ಮನಿರೋ ಕಂದಾ ಅಂದರು. ಅಂಥ ಖರೆ ಅಳು. ಹೊಗಳಿಕೆಯಿಂದ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಒಂದು ಮಾತು ಬಿಟ್ಟೆ. ಮೈಕು, ರಿಲೇ ಎಲ್ಲ ಕೂರಿಸಿದ ಡಬ್ಬಿಗೆ ನಾನು ಸ್ವಿಚ್ ಹಾಕಿರಲಿಲ್ಲ. ಕಲಿಯುವವರೆಲ್ಲ ಮಾಡುವ ತಪ್ಪು ಅದು: ಓಡಿಸುವುದೊಂದೇ ತಲೆಯಲ್ಲಿರುತ್ತದೆ, ನಿಲ್ಲಿಸುವುದು ಹೊಳೆಯುವುದಿಲ್ಲ. ನಿಲ್ಲಿಸಬೇಕಾದರೆ ಹಿಂದಿನ ಮುಚ್ಚಳ ಬಿಚ್ಚಿ ಸೆಲ್ ತೆಗೆಯಬೇಕಿತ್ತು.

ಗಣಪತಿಯನ್ನು ಕೃಷ್ಣೆಗೆ ಕಳಿಸಿ ಮನೆಗೆ ಬಂದಾಗ ಬೆಳಗಾಗಿತ್ತು. ಮನೆಮಂದಿಯೆಲ್ಲ ಅತ್ತೆಯನ್ನು ಕರೆದುಕೊಂಡು ಬಸದಿಗೆ ಹೋಗಿದ್ದರು. ಅಭಿಷೇಕ ನೋಡಿ ಬಂದು ಅವಳು ಪಾರಣೆ ಮಾಡುವವಳಿದ್ದಳು, ಅಂದರೆ ಉಪವಾಸ ಬಿಡುವವಳಿದ್ದಳು. ನಾನು ಗೊಂಬೆಯನ್ನೂ ಡಬ್ಬಿಯನ್ನೂ ನನ್ನ ಕೋಣೆಯ ಗೂಡಿನಲ್ಲಿಟ್ಟೆ. ಇಟ್ಟು ಮಲಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ, ಪೆಂಡಾಲಿನ ಗದ್ದಲಕ್ಕೆ ಹೊಂದಿಸಿದ ಆ ಕಿವಿಗೆ ಮನೆಯ ಸದ್ದು ಕೇಳುತ್ತಿರಲಿಲ್ಲ. ಆದರೆ ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಅನ್ನುವಂತೆ, ತಿರುಪನ್ನು ಸುಣ್ಣದ ಬೊಟ್ಟಿಗೆ ತಂದು ನಿಲ್ಲಿಸಿದೆ. ನಾಳೆಯೋ ನಾಡಿದ್ದೋ ಅತ್ತೆ ಸುಧಾರಿಸಿಕೊಂಡು ರೊಟ್ಟಿಗೆ ಕೂತಾಗ ಗೊಂಬೆ ಅಳಬೇಕು, ಅವಳು ನಗಬೇಕು, ಅದು ನನ್ನ ವಿಚಾರ. ಇವತ್ತು ಅವಳು ರೊಟ್ಟಿ ಬಡಿಯುವುದಿಲ್ಲವಲ್ಲ, ಸೆಲ್ ಇರಲಿ ಬಿಡು ಎಂದು ಮಲಗಿಬಿಟ್ಟೆ. ಅವಳು ಉಪವಾಸವಿದ್ದ ಹತ್ತು ದಿನವೂ ಅವ್ವ ರೊಟ್ಟಿ ಬಡಿದಿದ್ದಳು. ಆ ಹತ್ತು ದಿನ ಪೆಂಡಾಲಿನಲ್ಲೇ ಉಂಡವನಿಗೆ ಅದು ತಲೆಗೆ ಬರಲಿಲ್ಲ. ರೊಟ್ಟಿ ಅಂದರೆ ಅತ್ತೆ, ನನಗೆ ಅಷ್ಟೇ ಗೊತ್ತಿತ್ತು.

ಎಚ್ಚರಾದದ್ದು ಗೊಂಬೆಯ ಅಳುವಿಗೆ. ಗೋಡೆಯಾಚೆ ಅವ್ವನ ರೊಟ್ಟಿಯ ಸದ್ದು ಥಟ್ಟನೆ ನಿಂತಿತು. ಎದ್ದು ಬಾಗಿಲ ಸಂದಿಯಿಂದ ನೋಡಿದೆ. ಅತ್ತೆ ಮಣೆಯ ಮೇಲೆ ಕೂತಿದ್ದಳು. ಸುತ್ತ ಓಣಿಯ ಹೆಂಗಸರು. ಕೈಯಲ್ಲಿ ಹೆಸರುಬೇಳೆಯ ಕಟ್ಟಿನ ಬಟ್ಟಲು ತುಟಿಯ ಹತ್ತಿರಕ್ಕೆ ಬಂದು ನಿಂತಿತ್ತು. ಅವಳು ಅದನ್ನು ಮೆಲ್ಲಗೆ ಕೆಳಗಿಟ್ಟಳು. ಸಿಟ್ಟಿಲ್ಲ, ಅವಸರವಿಲ್ಲ. ಹತ್ತು ದಿನದ ಮೇಲೆ ಬಾಯಿಗೆ ಬಂದ ಮೊದಲ ಗುಟುಕು. ಎರಡೂ ಕೈ ಜೋಡಿಸಿ ಎದ್ದುಬಿಟ್ಟಳು.

ಯಾರ ಕೂಸು ಅತ್ತದ್ದು ಎಂದು ಎಲ್ಲರೂ ಹೊರಗೆ ಓಡಿದರು. ಅವರು ಹೊರಗಿದ್ದಾಗ ನಾನೇನು ಮಾಡಿದೆ ಅನ್ನುವುದು ಸ್ಪಷ್ಟ ನೆನಪಿದೆ. ಮುಚ್ಚಳ ಬಿಚ್ಚಿ ಸೆಲ್ ತೆಗೆದೆ. ಗೊಂಬೆಯನ್ನು ಗೊಬ್ಬರದ ಖಾಲಿ ಚೀಲದಲ್ಲಿ ತುರುಕಿ ಮೂಲೆಗೆ ತಳ್ಳಿದೆ. ಆಮೇಲೆ ಮುಖ ತೊಳೆದುಕೊಂಡು, ಈಗ ಎದ್ದವನಂತೆ ಹೊರಗೆ ಬಂದು, ಎಲ್ಲರ ಜೊತೆ ನಾನೂ ಆ ಕೂಸನ್ನು ಹುಡುಕಿದೆ. ದನದ ಕೊಟ್ಟಿಗೆಯಲ್ಲಿ, ಬಣವೆಯ ಹಿಂದೆ, ಎಲ್ಲ ಕಡೆ ಬಗ್ಗಿ ನೋಡಿದೆ.

ಕೂಸು ಸಿಗಲಿಲ್ಲ. ಹತ್ತೂ ದಿನ ಪರ್ವದ ಪೂಜೆಯಲ್ಲಿದ್ದ ನಮ್ಮ ಮನೆಯವರು, ಓಣಿಯವರು ಪೆಂಡಾಲಿನ ಕಡೆ ಬಂದಿರಲಿಲ್ಲ, ಗೊಂಬೆಯ ವಿಚಾರ ಯಾರಿಗೂ ಹೊಳೆಯಲಿಲ್ಲ. ಅವ್ವ ಅಳುಮುಖ ಮಾಡಿಕೊಂಡು ಮನೆಯ ಮಕ್ಕಳನ್ನು ಒಬ್ಬೊಬ್ಬರನ್ನೇ ಹಿಡಿದು ಕೇಳತೊಡಗಿದಳು. ನನ್ನ ಕೋಣೆಯ ಕಡೆ ತಿರುಗುತ್ತಾಳೆ ಅನ್ನಿಸಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುವ ಹೊತ್ತು ಅದು. ಯಾರೂ ಕೇಳದೆ ನಾನೇ ಬಾಯಿಬಿಟ್ಟೆ.

"ಯಾರೋ ಹೆಣ್ಮಗಳು ಅಳೋ ಕೂಸ ಎತ್ಗೊಂಡ ಹಾದಿ ಹಿಡದ ಹೊಂಟಿದ್ಲವ್ವಾ. ನಾ ನೋಡುದ್ರಾಗ ಹೋಗಿಬಿಟ್ಲು."

ಎಲ್ಲರಿಗೂ ಸಮಾಧಾನವಾಯಿತು. ಅತ್ತೆಯೊಬ್ಬಳು ಮಾತ್ರ ಜಗಲಿಯ ಕಂಬ ಹಿಡಿದುಕೊಂಡು ನನ್ನನ್ನೇ ನೋಡಿದಳು. ಸಿಕ್ಕಿಬಿದ್ದೆ ಅಂದುಕೊಂಡೆ. ಅವಳು ಹುಡುಕುತ್ತಿದ್ದುದು ನನ್ನ ತಪ್ಪನ್ನಲ್ಲ, ತನ್ನದನ್ನು.

"ಹ್ವಾದ ಹಂಗಾಮಿನ್ಯಾಗ ಕಬ್ಬ ಕಡ್ಯಾಕ ಬಂದಾಕಿ ಒಬ್ಬಾಕಿ ಕೂಸಿಗೆ ಹಾಲ ಕೇಳಿದ್ಲು," ಅಂದಳು. "ಅಭಿಷೇಕಕ್ಕ ಇಟ್ಟದ್ದೈತಿ ಅಂತ ಹೇಳಿ ಕಳಿಸಿಬಿಟ್ನಿ. ಆ ಕೂಸ ಹಿಂಗ ಅಳತಿತ್ತು. ಒಬ್ಬರ ಬಾಯಿಗೆ ನಾವ ಅಡ್ಡ ಬಂದ್ರ ನಮ್ಮ ಬಾಯಿಗೂ ಅಡ್ಡ ಬರತೈತಿ."

ಅಂತರಾಯ ಅನ್ನುವುದು ನಮ್ಮಲ್ಲಿ ಒಂದು ಕರ್ಮದ ಹೆಸರು ಕೂಡ. ಇನ್ನೊಬ್ಬರಿಗೆ ಸಿಗಬೇಕಾದ್ದನ್ನು ತಡೆದವರಿಗೆ ಅದು ಅಂಟಿಕೊಂಡು, ಒಂದಲ್ಲ ಒಂದು ದಿನ ಅವರ ಕೈಗೆ ಬಂದದ್ದು ಬಾಯಿಗೆ ಬರದಂತೆ ಮಾಡುತ್ತದೆ. ಅತ್ತೆ ತನ್ನ ಕರ್ಮ ತಾನೇ ಗುರುತಿಸಿದ್ದಳು. ಗೊಂಬೆ ಎಂಬ ಒಂದು ಮಾತು ನಾನು ಅಂದಿದ್ದರೆ ಸಾಕಿತ್ತು, ಅವಳ ಎದೆಯ ಮೇಲಿನ ಆ ಕಲ್ಲು ಇಳಿಯುತ್ತಿತ್ತು. ಅನ್ನಲಿಲ್ಲ. ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಕತೆ ಕೇಳಿ ನಗುತ್ತಿದ್ದೆ ನಾನು. ಇಲ್ಲಿ ಮೇಕೆ ತಾನಾಗಿ ಬಂದು ಬಾಯಿ ಒಡ್ಡಿತ್ತು, ನಾನು ಒರೆಸಿಬಿಟ್ಟೆ.

ಆ ದಿನ ಅವಳು ನೀರನ್ನೂ ಮುಟ್ಟಲಿಲ್ಲ. ಮಧ್ಯಾಹ್ನ ಹಿತ್ತಲಿಗೆ ಹೋಗಲು ಎದ್ದವಳು ಕಣ್ಣು ಕತ್ತಲೆ ಬಂದು ಕಲ್ಲಿನ ಮೆಟ್ಟಿಲ ಮೇಲೆ ಬಿದ್ದಳು. ಬಲಗೈ ಊರಿದ್ದಳು, ಮಣಿಕಟ್ಟು ಮುರಿಯಿತು. ಎತ್ತಿ ಕೂರಿಸಿದವನು ನಾನೇ. ಅವಳು ಹಗುರವಾಗಿದ್ದಳು, ಕಬ್ಬಿನ ಒಣಗಿದ ಗರಿಯಷ್ಟು, ರವದಿಯಷ್ಟು ಹಗುರ. ಎಲುಬು ಕೂಡಿಸುವವರು ಬಂದು ಬಿದಿರಿನ ಪಟ್ಟಿ ಇಟ್ಟು ಕಟ್ಟುವಾಗ ಅವಳ ಭುಜ ಹಿಡಿದುಕೊಳ್ಳುವ ಕೆಲಸವೂ ನನಗೇ ಬಂತು. ನೋವಿಗೆ ಕೊಟ್ಟ ಗುಳಿಗೆಯನ್ನು ನೀರು ಬೇಕಾಗುತ್ತದೆಂದು ಅವಳು ಮರುದಿನಕ್ಕೆ ಇಟ್ಟಳು. ನಾನು ಮುಖ ಆಚೆ ತಿರುಗಿಸಿ ಹಿಡಿದುಕೊಂಡಿದ್ದೆ.

ಮರುದಿನ ಕ್ಷಮಾವಾಣಿ. ಪರ್ವ ಮುಗಿದ ಮೇಲೆ ಆ ದಿನ ನಾವು ಮನೆಮನೆಗೆ ಹೋಗಿ, ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಕೈಮುಗಿದು, ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳುತ್ತೇವೆ. ಕೇಳಿಸಿಕೊಂಡವರು ಉತ್ತಮ ಕ್ಷಮಾ ಅಂದು ತಾವೂ ಕೇಳುತ್ತಾರೆ. ನಾನು ಅತ್ತೆಯ ಹತ್ತಿರ ಹೋಗದೆ ಹೊಲದಲ್ಲಿ ಹೊತ್ತು ಕಳೆದು ಬಂದೆ. ಅವಳೇ ನನ್ನ ಕೋಣೆಗೆ ಬಂದಳು. ಬಲಗೈ ಕೊರಳಿಗೆ ಕಟ್ಟಿದ್ದರಿಂದ ಎಡಗೈ ಒಂದನ್ನೇ ಎದೆಗೆ ಹಚ್ಚಿಕೊಂಡಳು.

"ತಿಳದೋ, ತಿಳೀಲಾರದನೋ, ನನ್ನಿಂದ ತಪ್ಪಾಗಿದ್ರ ಕ್ಷಮಾ ಮಾಡಪಾ."

ಆ ಚೀಲ ಅವಳ ಕಾಲಿನಿಂದ ಒಂದು ಮೊಳ ದೂರದಲ್ಲಿತ್ತು. ನಾನು ಉತ್ತಮ ಕ್ಷಮಾ ಅಂದೆ. ತಿಳಿದೋ ತಿಳಿಯದೆಯೋ ಎಂದು ನಾನೂ ಕೇಳಿದೆ. ನಮ್ಮ ಹಿರಿಯರು ಎಷ್ಟು ದೊಡ್ಡ ಮನಸ್ಸಿನಿಂದ ಕಟ್ಟಿಕೊಟ್ಟ ಮಾತು ಅದು. ಅದರ ಹಿಂದೆಯೂ ಒಬ್ಬ ಅಡಗಿಕೊಂಡು ಕೂರಬಹುದೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಕೈ ಕೂಡಿತು, ಆದರೆ ಸೊಟ್ಟ ಕೂಡಿತು. ಆಮೇಲೆ ಅವಳು ಪರಾತದ ಮುಂದೆ ಕೂರಲಿಲ್ಲ. ಒಂದು ದಿನ ಕೂತು ನೋಡಿದಳು. ಎರಡು ಬಡಿತ ಒಂದು ತರಹ, ಮೂರನೆಯದು ಇನ್ನೊಂದು ತರಹ. ಹಿಟ್ಟು ಅಂಚಿಗೆ ಹರಿಯಿತು. ಎದ್ದು ಕೈ ತೊಳೆದುಕೊಂಡು ಅವ್ವನಿಗೆ ಒಲೆ ಬಿಟ್ಟುಕೊಟ್ಟಳು. ಆ ಚಳಿಗಾಲದಲ್ಲಿ ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯುವವರು ಬಂದು ಗುಡಿಸಲು ಹಾಕಿದಾಗ, ದಿನಾ ಮುಂಜಾನೆ ಎಡಗೈಯಲ್ಲಿ ಹಾಲಿನ ತಂಬಿಗೆ ಹಿಡಿದುಕೊಂಡು ಅಲ್ಲಿಗೆ ಹೊರಟಳು. ಹಾಲು ಕೇಳಿದ್ದ ಆ ಹೆಂಗಸು ಮತ್ತೆ ಬಂದಿರಲಿಲ್ಲ. ಇದ್ದ ಕೂಸುಗಳಿಗೆ ಹಾಕಿ ಬಂದಳು. ಮರುವರ್ಷವೂ ಹೋದಳು, ಅದರ ಮರುವರ್ಷವೂ.

ನಾನು ಅಥಣಿಯಲ್ಲಿ ಅಂಗಡಿ ಇಟ್ಟೆ. ಸದ್ದಿಗೆ ಕುಣಿಯುವ ದೀಪಗಳನ್ನು ಮಾಡಿಸಿಕೊಳ್ಳಲು ಕಾಗವಾಡದಿಂದ, ಚಿಕ್ಕೋಡಿಯಿಂದ ಮಂಡಳದವರು ಬರುತ್ತಿದ್ದರು. ಮಾಡಿದ ಪ್ರತಿ ಡಬ್ಬಿಗೂ ಎರಡೆರಡು ಸ್ವಿಚ್ ಹಾಕುತ್ತಿದ್ದೆ. ಒಂದು ಸಾಕಲ್ಲರಿ ಎಂದು ಜನ ನಗುತ್ತಿದ್ದರು. ನನಗೆ ನಾನು ಹೇಳಿಕೊಂಡ ನೆಪಗಳನ್ನೂ ಇಲ್ಲಿ ಹೇಳಿಬಿಡುತ್ತೇನೆ. ನನ್ನ ಗೊಂಬೆಯಿಂದಲೇ ಅಲ್ಲವೇ ಆ ಮಕ್ಕಳಿಗೆ ಹಾಲು ಸಿಕ್ಕಿದ್ದು ಅಂದುಕೊಂಡೆ. ಈಗ ಹೇಳಿದರೆ ಅತ್ತೆಗೇ ನೋವು ಅಂದುಕೊಂಡೆ. ಪ್ರತಿ ವರ್ಷ ಕ್ಷಮಾವಾಣಿಗೆ ಊರಿಗೆ ಹೋಗಿ, ಅದೇ ಮಾತು ಹೇಳಿ, ಅವಳ ಸೊಟ್ಟ ಕೈಯ ಕಡೆ ನೋಡದೆ ಬಂದೆ. ಏಳು ವರ್ಷ.

ಎಂಟನೆಯ ವರ್ಷ ಹೋದಾಗ ಅವ್ವ ಬಾಗಿಲಲ್ಲೇ ತಡೆದು ನಿಲ್ಲಿಸಿದಳು. ಅತ್ತೆ ಇವತ್ತು ಸಂಜೆ ಬಸದಿಯಲ್ಲಿ ಇನ್ನೊಂದು ನೇಮ ತೆಗೆದುಕೊಳ್ಳುತ್ತಾಳಂತೆ, ಇರುವಷ್ಟು ದಿನ ಹಾಲು ಬಿಡುತ್ತಾಳಂತೆ. ಒಂದು ಹೊತ್ತು ಉಣ್ಣುವ ಮುದುಕಿ, ಹಲ್ಲಿಲ್ಲ, ಹಾಲಿನಲ್ಲಿ ನೆನೆಸಿದ ರೊಟ್ಟಿಯ ಮೇಲೇ ಇರುವ ಜೀವ. ನೀನಾದರೂ ಹೇಳು, ನಿನ್ನ ಮಾತು ಕೇಳುತ್ತಾಳೆ ಅಂದಳು.

ಅತ್ತೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಯಾಕೆ ಹಾಲು ಬಿಡುತ್ತೀ ಎಂದು ಕೇಳಿದೆ. ಆ ಕೂಸಿನ ಪಾಲಿನದು ತಾನು ಕುಡಿದಂತೆ ಅನ್ನಿಸುತ್ತದೆ, ಗಂಟಲಿಗೆ ಇಳಿಯುವುದಿಲ್ಲ ಅಂದಳು. ಅಷ್ಟು ಕೇಳಿದ ಮೇಲೆ ನನ್ನ ಗಂಟಲೂ ತಡೆಯಲಿಲ್ಲ. ಎಲ್ಲ ಹೇಳಿದೆ. ಡಬ್ಬಿ, ಸುಣ್ಣದ ಬೊಟ್ಟು, ತೆಗೆಯದ ಸೆಲ್, ಅವ್ವನ ರೊಟ್ಟಿ, ಚೀಲ. ಹಾದಿ ಹಿಡಿದು ಹೊರಟ ಹೆಂಗಸು ಯಾರೂ ಇರಲಿಲ್ಲ ಅನ್ನುವುದನ್ನೂ ಹೇಳಿದೆ. ಅವತ್ತು ಅತ್ತದ್ದು ಗೊಂಬೆ ಅತ್ತೆ, ನಿನ್ನ ಕರ್ಮ ಅಲ್ಲ, ನನ್ನದು ಅಂದೆ. ಅಳು ಬಂದಿತ್ತು. ಅವಳು ಬಯ್ಯಲಿ ಅನ್ನುವ ಆಸೆಯೂ ಇತ್ತು.

ಅವಳು ತನ್ನ ಸೊಟ್ಟ ಮಣಿಕಟ್ಟನ್ನು ಎಡಗೈಯಿಂದ ಸವರಿಕೊಂಡಳು.

"ಅತ್ತಿದ್ದು ಗೊಂಬಿ ಇರಬಹುದು," ಅಂದಳು. "ಹಾಲ ಕೇಳಿದಾಕಿ ಗೊಂಬಿ ಅಲ್ಲಲ್ಲ. ನಂದ ನಂದ, ನಿಂದ ನಿಂದ."

ಹಾಲು ಬಿಡುವುದನ್ನು ಬಿಡಲಿಲ್ಲ. ನಾನು ಹೊತ್ತು ತಂದ ಸತ್ಯದಿಂದ ಅವಳ ನೇಮದ ಒಂದು ಎಳೆಯೂ ಅಲುಗಲಿಲ್ಲ. ಅವತ್ತೇ, ಬಟ್ಟಲು ಇನ್ನೂ ಬಿಸಿ ಇದ್ದಾಗ ಹೇಳಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ.

ಹೊತ್ತು ಇಳಿಯುತ್ತಿತ್ತು, ಬಸದಿಗೆ ಹೋಗಲು ಅವ್ವ ಕರೆದಳು. ನಾನು ಕೈಮುಗಿದು, ರೂಢಿಯಂತೆ, ತಿಳಿದೋ ತಿಳಿಯದೆಯೋ ಎಂದು ಶುರು ಮಾಡಿದೆ. ಅತ್ತೆ ಕೈ ಎತ್ತಿ ತಡೆದಳು.

"ಗೊಂಬಿ ಅತ್ತಿದ್ದು ತಿಳೀಲಾರದ ಆತು. ಇಷ್ಟ ವರ್ಷ ಬಾಯಿ ಮುಚ್ಚಗೊಂಡ ಕುಂತಿದ್ದು? ಎರಡ್ರಾಗ ಒಂದ ಹೇಳು."

ಮುಗಿದ ಕೈ ಇಳಿಸಿದೆ.

"ತಿಳದ, ಅತ್ತಿ," ಅಂದೆ.

ಅವಳು ಎರಡೂ ಕೈ ಎತ್ತಿದಳು. ಬಲಗೈ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಎಡಗೈ ಓರೆಯಾಗಿ ಹೋಗಿ ಅದನ್ನು ಹುಡುಕಿ ಕೂಡಿಕೊಂಡಿತು. ಆ ಕೈಗಳನ್ನು ಮೊದಲ ಸಲ ನಾನು ಕಣ್ಣು ತಿರುಗಿಸದೆ ನೋಡಿದೆ. ಉತ್ತಮ ಕ್ಷಮಾ ಅಂದಳು.